ಚೌಪದಿಯ ಕವಿ, ಕಲ್ಲಿದ್ದಿಲ ಕೋಣೆಯ ಜನ

ದಿನಕರ ದೇಸಾಯಿಯವರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯು ಇರಲಾರನು. ಗಡಿಯಾರವನ್ನು ಕುರಿತ ಅವರ ಮಕ್ಕಳ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿ ಮಾಸ್ತರರಿಂದ ಶಾಬಾಸು ಪಡೆದವರು ನಮ್ಮಲ್ಲಿ ಎಷ್ಟೋ ಮಂದಿ. ನಾಲ್ಕು ಸಾಲಿನ ಚೌಪದಿಯನ್ನು ಅವರಷ್ಟು ಸಲೀಸಾಗಿ, ಅವರಷ್ಟು ಹರಿತವಾಗಿ ಪಳಗಿಸಿಕೊಂಡವರು ವಿರಳವೆಂಬುದೂ ಎಲ್ಲರೂ ಒಪ್ಪಿದ ಮಾತು. ನಾನು ಕಾಲೇಜಿನಲ್ಲಿ ಈ ಚೌಪದಿಗಳನ್ನು ಪಾಠ ಹೇಳತೊಡಗಿ ಹದಿನೆಂಟು ವರ್ಷಗಳಾದವು. ಕವಿಪರಿಚಯವನ್ನು ಬರೆಯಿಸುವಾಗ, ಕವಿಯು ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ಸಂಘಕ್ಕಾಗಿ ದುಡಿದರೆಂಬ ಒಂದು ವಾಕ್ಯವನ್ನು ಪ್ರತಿವರ್ಷವೂ ಹೇಳುತ್ತಿದ್ದೆನು. ಹೇಳಿ ಮುಂದಿನ ವಾಕ್ಯಕ್ಕೆ ಹೋಗಿಬಿಡುತ್ತಿದ್ದೆನು. ಆ ಒಂದು ವಾಕ್ಯದೊಳಗೆ ಏನಿದೆಯೆಂದು ಇಣಿಕಿ ನೋಡುವ ಶ್ರಮವನ್ನು ಹದಿನೆಂಟು ವರ್ಷ ತೆಗೆದುಕೊಳ್ಳದೆ ಹೋದುದನ್ನು ವಾಚಕರ ಮುಂದೆ ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಹಾಗೆ ನೋಡುವಂತೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು. ನನ್ನ ಊರು ಅವರ್ಸಾ. ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಯ ಮೇಲೆ, ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಗುಡ್ಡ, ನಡುವೆ ಕಾತ್ಯಾಯನಿಯ ಗುಡಿ. ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಈ ಹುಡುಗನು ಮನೆಗೆ ಬಂದು ಜಗಲಿಯ ಮೇಲೆ ಕುಳಿತನು. ಹುಡುಗನೆಂದರೂ ಈಗ ಮೂವತ್ತು ದಾಟಿದ ಗೃಹಸ್ಥನು. ದೊಡ್ಡದೊಂದು ಸರಕುಹಡಗಿನ ಎಂಜಿನ್ ಕೋಣೆಯಲ್ಲಿ ಆಯಿಲರನಾಗಿದ್ದಾನೆ. ಒಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಮೊದಲ ಹಡಗನ್ನು ಹತ್ತುವುದಕ್ಕಾಗಿ ಇವನ ತಾಯಿ ಬಂಗಾರವನ್ನು ಒತ್ತೆಯಿಟ್ಟು ದಲ್ಲಾಳಿಯೊಬ್ಬನಿಗೆ ಹಣ ಕೊಟ್ಟಳೆಂಬುದನ್ನು ನಾನು ಬಲ್ಲೆನು. ಈಗ ಅವನ ಕಂಪನಿಯು ಡೀಸೆಲಿನ ಬಳಗವನ್ನೇ ಬಿಟ್ಟು, ಮೆಥನಾಲನ್ನು ಉರಿಸುವ ಹೊಸ ಹಡಗುಗಳನ್ನು ಕಟ್ಟಿಸುತ್ತಿದೆಯಂತೆ. ಅಮೋನಿಯಾದ ಮಾತೂ ನಡೆದಿದೆಯಂತೆ. ಅವನಿಗೆ ಮೂರು ಪ್ರಶ್ನೆಗಳಿದ್ದುವು. ಹೊಸ ಯಂತ್ರದ ಮುಂದೆ ತನಗೆ ಕೆಲಸವಿರುವುದೋ ಇಲ್ಲವೋ? ಹೊಸ ವಿದ್ಯೆಯನ್ನು ಕಲಿಯುವ ಖರ್ಚು, ಕಲಿಯುವಾಗ ಹೋಗುವ ಸಂಬಳ ಯಾರ ಮೇಲೆ? ನಳಿಗೆ ಸೋರಿದರೆ ಮೊದಲು ಕೆಳಗಿಳಿಯಬೇಕಾದವರು ಯಾರು? ಕನ್ನಡ ಕಲಿಸಿದ ಮಾಸ್ತರನನ್ನು ಇದನ್ನೆಲ್ಲ ಕೇಳಿದ ಅವನ ವಿಶ್ವಾಸಕ್ಕೆ ನಾನು ತಕ್ಕವನಾಗಿರಲಿಲ್ಲ. ಆದರೆ ಅವನು ಹೋದ ಮೇಲೆ, ಪ್ರತಿವರ್ಷ ಹೇಳಿ ದಾಟುತ್ತಿದ್ದ ಆ ವಾಕ್ಯವು ನೆನಪಾಯಿತು.

ದೇಸಾಯಿಯವರು ಹುಟ್ಟಿದುದು 1909ರ ಸೆಪ್ಟೆಂಬರ್ 10ರಂದು, ನಮ್ಮೂರಿಗೆ ದೂರವಲ್ಲದ ಅಲಗೇರಿಯಲ್ಲಿ. ಅವರು ಬಾಲಕರಾಗಿದ್ದ ದಿನಗಳಲ್ಲಿ ಈ ಕರಾವಳಿಯ ನೀರಿನ ಮೇಲೆ ಎರಡು ಕಾಲಗಳು ಒಟ್ಟಿಗೆ ತೇಲುತ್ತಿದ್ದುವು. ಹಂಚು, ಉಪ್ಪು, ತೆಂಗು ಹೇರಿಕೊಂಡ ಪತ್ತೆಮಾರಿಗಳೂ ಮಚವೆಗಳೂ ಹಾಯಿ ಬಿಚ್ಚಿ ಹೋಗುತ್ತಿದ್ದುವು. ಅವುಗಳಿಗೆ ಗಾಳಿಯೇ ಇಂಧನ, ಆ ಇಂಧನಕ್ಕೆ ಬೆಲೆಯಿಲ್ಲ. ಮಳೆಗಾಲ ಕಳೆದು ಬಂದರು ತೆರೆದ ಮೇಲೆ ಮುಂಬಯಿಯ ಆಗಬೋಟು ಕಪ್ಪು ಹೊಗೆಯನ್ನು ಎಳೆದುಕೊಂಡು ಕಾರವಾರಕ್ಕೆ ಬರುತ್ತಿತ್ತು. ಆಗಬೋಟು ಎಂಬ ನಮ್ಮ ಕರಾವಳಿಯ ಮಾತು ಬಹಳ ಪ್ರಾಮಾಣಿಕವಾದುದೆಂದು ನನಗೆ ಅನಿಸುತ್ತದೆ. ಆಗ್ ಎಂದರೆ ಬೆಂಕಿ. ಹೊಗೆಹಡಗು, ಉಗಿಹಡಗು ಎಂಬ ಗ್ರಂಥಸ್ಥ ಪದಗಳು ಹೊರಗೆ ಕಾಣುವುದನ್ನು ಹೇಳಿದರೆ, ಇದು ಒಳಗಿನ ಒಲೆಯನ್ನು ಹೇಳುತ್ತದೆ. ಆ ಒಲೆಗೆ ಕಲ್ಲಿದ್ದಿಲು ತುಂಬುವವನಿಗೆ ಹಡಗಿನ ಹಿಂದುಸ್ತಾನಿಯಲ್ಲಿ ಆಗವಾಲಾ ಎಂದು ಹೆಸರು. ಕಲ್ಲಿದ್ದಿಲನ್ನು ಉಗ್ರಾಣದಿಂದ ತಳ್ಳಿಕೊಂಡು ಬರುವವನು ಕೋಯ್ಲಾವಾಲಾ. ಯಂತ್ರಕ್ಕೆ ಎಣ್ಣೆ ಹಾಕುವವನು ತೇಲವಾಲಾ. ನನ್ನ ವಿದ್ಯಾರ್ಥಿಯು ಈ ತೇಲವಾಲಾನ ವಂಶದವನು.

ಧಾರವಾಡ, ಮುಂಬಯಿಗಳಲ್ಲಿ ಓದಿ ದೇಸಾಯಿಯವರು ಎಂ.ಎ. ಪದವಿಯನ್ನೂ ಕಾನೂನಿನ ಪದವಿಯನ್ನೂ ಪಡೆದರು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರನ್ನು ಕುರಿತು ಅವರು ನಡೆಸಿದ ಸಂಶೋಧನೆಯು 1951ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿ ಹೊರಬಂದಿತು. ಶಾಸನಗಳನ್ನು ಓದಿ, ಯಾರಿಗೆ ಯಾವ ಊರು, ಯಾವ ತೆರಿಗೆ ಎಂದು ಲೆಕ್ಕ ಹಿಡಿಯುವ ಆ ಶಿಸ್ತು ಅವರ ಮುಂದಿನ ಬದುಕಿಗೆ ಒದಗಿತು. ಬೇಕಿದ್ದರೆ ಅವರು ಕಾಲೇಜಿನ ಅಧ್ಯಾಪಕರಾಗಿ ನಿಶ್ಚಿಂತೆಯಿಂದ ಇರಬಹುದಾಗಿತ್ತು, ವಕೀಲರಾಗಿ ಹಣ ಮಾಡಬಹುದಾಗಿತ್ತು. ಅವೆರಡನ್ನೂ ಬಿಟ್ಟು ಮೂವತ್ತರ ದಶಕದ ನಡುವಿನಲ್ಲಿ, ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿದರು. ಆ ಸಮಾಜದ ಸದಸ್ಯನಾಗುವುದೆಂದರೆ ಅಲ್ಪವೇತನದಲ್ಲಿ ಆಯುಷ್ಯವನ್ನು ಸಾರ್ವಜನಿಕ ಕೆಲಸಕ್ಕೆ ಬರೆದುಕೊಟ್ಟಂತೆ. ಭಾರತದ ಕಾರ್ಮಿಕ ಚಳುವಳಿಯ ಹಿರಿಯರಾದ ಎನ್. ಎಂ. ಜೋಶಿಯವರೂ ಅದೇ ಸಮಾಜದವರು. ಅವರ ಕಾರ್ಯಕ್ಷೇತ್ರ ಮುಂಬಯಿ. ದೇಸಾಯಿಯವರು ಅಲ್ಲಿ ಹಡಗಿನ ಕೆಲಸಗಾರರ ನಡುವೆ ಕೆಲಸಕ್ಕಿಳಿದರು.

ಅಂದಿನ ಆಗಬೋಟಿನ ತಳವನ್ನು ವಾಚಕರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ನೀರಿನ ಮಟ್ಟಕ್ಕಿಂತ ಕೆಳಗೆ, ಬೆಳಕು ಬಾರದ ಕಬ್ಬಿಣದ ಕೋಣೆ. ಎದುರಿಗೆ ಬಾಯ್ಲರಿನ ಕುಲುಮೆಗಳು. ಆಗವಾಲಾನು ಕುಲುಮೆಯ ಬಾಗಿಲನ್ನು ತೆರೆಯಬೇಕು, ಸಲಿಕೆಯಿಂದ ಕಲ್ಲಿದ್ದಿಲನ್ನು ಒಳಗೆ ಸಮನಾಗಿ ಹರಡುವಂತೆ ಎಸೆಯಬೇಕು, ಬಾಗಿಲನ್ನು ಮುಚ್ಚಬೇಕು. ಉದ್ದ ಸರಳಿನಿಂದ ಬೆಂಕಿಯನ್ನು ಕೆದಕಿ, ಕರಗಿ ಹೆಪ್ಪುಗಟ್ಟಿದ ಕಿಟ್ಟವನ್ನು ಒಡೆದು ಎಳೆಯಬೇಕು. ಉಗಿಯ ಒತ್ತಡವು ಸ್ವಲ್ಪ ಇಳಿದರೂ ಮೇಲಿನಿಂದ ಬೈಗುಳ. ಹೀಗೆ ನಾಲ್ಕು ಗಂಟೆಯ ಪಾಳಿ, ದಿನಕ್ಕೆ ಎರಡು ಸಲ. ಕೆಂಪು ಸಮುದ್ರವನ್ನು ದಾಟುವಾಗ ಆ ಕೋಣೆಯ ಶಾಖವು 50 ಡಿಗ್ರಿಯನ್ನು ಮೀರುತ್ತಿತ್ತು. ಶಾಖ ತಲೆಗೇರಿ ಸತ್ತವರುಂಟು. ಸಂಕಟ ತಾಳದೆ ಕಡಲಿಗೆ ಹಾರಿದವರೂ ಉಂಟು. ಬಿಸಿಲನಾಡಿನವರಿಗೆ ಬೆಂಕಿ ತಟ್ಟದೆಂಬ ಒಂದು ವಿಚಿತ್ರ ತರ್ಕದಿಂದ ಹಡಗಿನ ಒಡೆಯರು ಈ ಕೆಲಸಕ್ಕೆ ಭಾರತೀಯರನ್ನೇ ಹುಡುಕುತ್ತಿದ್ದರು. ಮುಂಬಯಿಯಿಂದ ಹೊರಡುವ ಹಡಗುಗಳ ಬೆಂಕಿಕೋಣೆಯವರು ಹೆಚ್ಚಾಗಿ ಪಂಜಾಬ, ವಾಯವ್ಯ ಗಡಿನಾಡುಗಳ ಮುಸಲ್ಮಾನರು. ಡೆಕ್ಕಿನವರು ರತ್ನಾಗಿರಿ, ಕಾಠೇವಾಡಗಳ ಕಡೆಯವರು. ಅಡಿಗೆ, ಬಡಿಸುವಿಕೆಗಳಿಗೆ ಗೋವೆಯವರು. ಸಂಬಳವು ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. ಮಲಗುವ ಜಾಗವೂ ಹಾಗೆಯೇ: ಬ್ರಿಟಿಷ್ ನಾವಿಕನಿಗೆ 120 ಘನ ಅಡಿಯೆಂದು 1906ರಲ್ಲಿ ಕಾಯಿದೆಯಾದಾಗಲೂ ಭಾರತೀಯನಿಗೆ 36 ಘನ ಅಡಿಯೇ ಉಳಿಯಿತು. ಹೆಣದ ಪೆಟ್ಟಿಗೆಯನ್ನು ಹೋಲುವ ಅಳತೆಯಿದು.

ಇಷ್ಟು ಕಷ್ಟದ ಕೆಲಸವೂ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಘಾಟ್ ಸೆರಂಗನೆಂಬ ದಡದ ದಲ್ಲಾಳಿ, ಹಡಗಿನ ತಂಡದ ಮುಖಂಡನಾದ ಸೆರಂಗ, ಅವನ ಕೈಕೆಳಗಿನ ತಾಂಡೇಲ, ಊಟ ವಸತಿ ಕೊಟ್ಟು ಸಾಲದ ಖಾತೆ ಬರೆಯುವ ಮನೆಯಾತ, ಇವರೆಲ್ಲರ ಕೈಯನ್ನೂ ಬೆಚ್ಚಗೆ ಮಾಡಿದ ಮೇಲೆಯೇ ಹಡಗು. (ತಾಂಡೇಲನೆಂಬ ಮಾತು ನಮ್ಮ ಕಡೆ ದೋಣಿಯ ಯಜಮಾನನಿಗೆ ಗೌರವದ ಹೆಸರು; ಎಷ್ಟೋ ಮನೆತನಗಳ ಅಡ್ಡಹೆಸರೂ ಹೌದು.) ಕೆಲಸ ಕೊಡಿಸಿದುದಕ್ಕೆ ನಾವಿಕನಿಂದ ಹಣ ತೆಗೆದುಕೊಳ್ಳಬಾರದೆಂದು 1920ರಲ್ಲಿ ಜಿನೋವಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಒಡಂಬಡಿಕೆ ಮಾಡಿತು. 1922ರಲ್ಲಿ ಕ್ಲೋ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ, 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ನು, ಎರಡೂ ಈ ಲಂಚವನ್ನು ಕಂಡುವು, ಬರೆದುವು. ವರದಿಗಳು ಬೀರುವಿನಲ್ಲಿದ್ದುವು, ದಲ್ಲಾಳಿಯು ದಕ್ಕೆಯ ಮೇಲೆಯೇ ಇದ್ದನು.

ಇದರ ನಡುವೆಯೇ ಹಡಗುಗಳ ಇಂಧನವು ಬದಲಾಗುತ್ತಿತ್ತು. 1912ರಲ್ಲಿ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೊರಟ ಸೆಲಾಂಡಿಯಾ ಎಂಬ ಹಡಗಿಗೆ ಹೊಗೆಕೊಳವೆಯೇ ಇರಲಿಲ್ಲ. ಅದು ಡೀಸೆಲ್ ಯಂತ್ರದಿಂದ ಓಡಿದ ಮೊದಲ ದೊಡ್ಡ ಸಾಗರಯಾನದ ಹಡಗುಗಳಲ್ಲೊಂದು. ಹಳೆಯ ಆಗಬೋಟುಗಳ ಬಾಯ್ಲರಿನಲ್ಲಿಯೂ ಕಲ್ಲಿದ್ದಿಲಿನ ಬದಲು ತೈಲವನ್ನು ಉರಿಸತೊಡಗಿದರು. 1914ರಲ್ಲಿ ಜಗತ್ತಿನ ಒಟ್ಟು ವ್ಯಾಪಾರಿ ನೌಕಾಬಲದಲ್ಲಿ ನೂರಕ್ಕೆ ಸುಮಾರು 89 ಪಾಲು ಕಲ್ಲಿದ್ದಿಲಿನದಾಗಿತ್ತು. ಮೂವತ್ತರ ದಶಕದ ನಡುವಿಗೆ ಅದು ಸುಮಾರು ಅರ್ಧಕ್ಕಿಳಿಯಿತು. ತೈಲದ ಗುಣಗಳೇನು ಅಲ್ಪವೆ? ಬೂದಿಯಿಲ್ಲ, ಸಲಿಕೆಯಿಲ್ಲ, ಕೊಳವೆಯ ತಿರುಪನ್ನು ತಿರುಗಿಸಿದರೆ ಸಾಕು. ಯಾರೂ ಆ ನರಕದ ಕೋಣೆಗಾಗಿ ಕಣ್ಣೀರಿಡಬೇಕಾದುದಿಲ್ಲ. ಆದರೆ ಅಟ್ಲಾಂಟಿಕಿನ ಪ್ರಸಿದ್ಧ ಹಡಗಾದ ಒಲಿಂಪಿಕನ್ನು ಮೊದಲ ಮಹಾಯುದ್ಧವಾದ ಮೇಲೆ ತೈಲಕ್ಕೆ ತಿರುಗಿಸಿದಾಗ ಅದರ ಬೆಂಕಿಕೋಣೆಯವರ ಸಂಖ್ಯೆಯು 350ರ ಆಸುಪಾಸಿನಿಂದ 60ಕ್ಕೆ ಇಳಿಯಿತು. ಉಳಿದವರು ಏನಾದರೆಂಬುದನ್ನು ಹಡಗಿನ ಚರಿತ್ರೆಗಳು ಹೇಳುವುದಿಲ್ಲ. ಅವು ಯಂತ್ರದ ವೇಗವನ್ನೂ ಉಳಿತಾಯವನ್ನೂ ಹೇಳುತ್ತವೆ. ಕೆಲಸಕ್ಕಿಂತ ಕೈಗಳೇ ಹೆಚ್ಚಾಗಿದ್ದ ಮುಂಬಯಿಯ ದಕ್ಕೆಯಲ್ಲಿ ಹೀಗೆ ಕಡಿಮೆಯಾದ ಪ್ರತಿಯೊಂದು ಸಲಿಕೆಯೂ ದಲ್ಲಾಳಿಯ ಬೆಲೆಯನ್ನು ಏರಿಸುವಂಥದೇ ಆಗಿತ್ತು.

ದೇಸಾಯಿಯವರು ಹಡಗಿನ ಜನರ ಜೊತೆಗೆ ಇದ್ದುದು ಈ ವರ್ಷಗಳಲ್ಲಿ. ಭಾರತದ ನೌಕಾಕಾರ್ಮಿಕರನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಭಾರತ ಸೇವಕ ಸಮಾಜವು 1940ರಲ್ಲಿ ಮುಂಬಯಿಯಲ್ಲಿ ಪ್ರಕಟಿಸಿತು. ಅದರಲ್ಲಿ ಕವಿಯನ್ನು ಹುಡುಕಿಕೊಂಡು ಹೊರಟವನಿಗೆ ನಿರಾಶೆಯಾದೀತು. ನನಗೂ ಮೊದಲು ಆಯಿತು. ನೇಮಕ, ನಿರುದ್ಯೋಗ, ಸಂಬಳ, ಕೆಲಸದ ಹೊತ್ತು, ವಸತಿ ಎಂದು ಮುಂದುವರಿಯುವ ಒಣ ಲೆಕ್ಕವದು. ಆದರೆ ಎರಡನೆಯ ಸಲ ಓದುವಾಗ ನನಗೊಂದು ಹೊಳೆಯಿತು. ಚೌಪದಿಯಲ್ಲಿ ದೇಸಾಯಿಯವರು ಮಾಡುವುದೂ ಇದನ್ನೇ ಅಲ್ಲವೆ? ದೊಡ್ಡವರ ದೊಡ್ಡ ಮಾತನ್ನು ಎತ್ತಿಕೊಂಡು, ಇದರಲ್ಲಿ ಬಡವನ ಪಾಲು ಎಷ್ಟೆಂದು ನಾಲ್ಕನೆಯ ಸಾಲಿನಲ್ಲಿ ಕೇಳಿಬಿಡುವುದು. ಭಾವಗೀತೆಯನ್ನು ಸೊಗಸಾಗಿ ಬರೆಯಬಲ್ಲವರು ಕೊನೆಗೆ ಇಷ್ಟು ಮೊಟಕಾದ, ಲೆಕ್ಕ ಕೇಳುವ ಛಂದಸ್ಸಿಗೆ ಏಕೆ ಒಲಿದರೆಂಬ ಪ್ರಶ್ನೆಗೆ ನಮ್ಮ ವಿಮರ್ಶಕರು ಜಾನಪದವನ್ನೂ ವಚನವನ್ನೂ ತೋರಿಸುವುದುಂಟು. ಮುಂಬಯಿಯ ದಕ್ಕೆಯನ್ನೂ ತೋರಿಸಬೇಕೆಂದು ನನ್ನ ಅಭಿಪ್ರಾಯ.

ಗ್ರಂಥವು ಅಚ್ಚಾಗುವ ಹೊತ್ತಿಗೆ ಯುದ್ಧವು ಬಂದಿತ್ತು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಸಾರಿದ ಕೂಡಲೇ ಬ್ರಿಟನ್ನಿನ ಬಂದರುಗಳಲ್ಲಿದ್ದ ಭಾರತೀಯ ನಾವಿಕರು ಸಂಬಳ ಹೆಚ್ಚಿಸದೆ ಹಡಗನ್ನು ಹೊರಡಿಸೆವೆಂದು ಮುಷ್ಕರ ಹೂಡಿದರು. ನೂರಾರು ಜನರನ್ನು ಸೆರೆಮನೆಗೆ ಹಾಕಿದರು; ಆದರೂ ಸಂಬಳವನ್ನು ಏರಿಸಲೇ ಬೇಕಾಯಿತು. ಆ ಯುದ್ಧದಲ್ಲಿ ವ್ಯಾಪಾರಿ ಹಡಗುಗಳ ಮೇಲೆ ಸತ್ತ ಭಾರತೀಯ ನಾವಿಕರು 6,000ಕ್ಕೂ ಹೆಚ್ಚು. ಟಾರ್ಪೆಡೋ ಬಡಿಯುವುದು ಹಡಗಿನ ತಳಕ್ಕೆ, ತಳದಲ್ಲಿರುವವನು ಆಗವಾಲಾ. ಮೇಲೇರುವ ಕಬ್ಬಿಣದ ಏಣಿ ಅವನಿಗೇ ಎಲ್ಲರಿಗಿಂತ ಉದ್ದ.

ಇದೇ ಕಾಲದಲ್ಲಿ ದೇಸಾಯಿಯವರು ತಮ್ಮ ಜಿಲ್ಲೆಯ ಗೇಣಿ ರೈತರನ್ನೂ ಸಂಘಟಿಸಿದರು. ಉಳುವವನಿಗೆ ನೆಲ ಸಲ್ಲಬೇಕೆಂಬ ಕೂಗು ಅಂಕೋಲೆಯ ಗದ್ದೆಬಯಲಿನಲ್ಲಿ ಎದ್ದಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಯ ಆಡಳಿತವು 1940ರಲ್ಲಿ ಅವರನ್ನು ಗಡಿಪಾರು ಮಾಡಿತು. ಐದು ವರ್ಷ ತಮ್ಮ ಊರಿಗೆ ಕಾಲಿಡದಂತಾದ ಅವರು ಆ ಅವಧಿಯಲ್ಲಿ ಮುಂಬಯಿಯ ನಾವಿಕರಿಗೆ ಇನ್ನಷ್ಟು ದಕ್ಕಿದರು. ಸರಕಾರದ ಶಿಕ್ಷೆಯು ಹೀಗೆ ಕೆಲವೊಮ್ಮೆ ಉಪಕಾರವಾಗಿ ಪರಿಣಮಿಸುವುದುಂಟು.

ಸ್ವಾತಂತ್ರ್ಯ ಬಂದ ಮೇಲೆ ಐವತ್ತರ ದಶಕದಲ್ಲಿ ನಾವಿಕರ ನೇಮಕವು ಸರಕಾರಿ ಕಚೇರಿಯ ಪಾಳಿಪಟ್ಟಿಗೆ ಬಂದಿತು. ದೇಸಾಯಿಯವರ ಗಮನವು ಅಷ್ಟರಲ್ಲಿ ಇನ್ನೊಂದು ಕಡೆಗೆ ಹೊರಳಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಹೈಸ್ಕೂಲು ಕಾಣದ ಹಳ್ಳಿಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆಯುತ್ತ ಹೋದರು. ಗೋಖಲೆಯವರು ಹುಟ್ಟಿ ನೂರು ವರ್ಷವಾದ 1966ರಲ್ಲಿ ಅಂಕೋಲೆಗೆ ಅವರ ಹೆಸರಿನ ಕಾಲೇಜು ಬಂದಿತು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಆರಿಸಿಬಂದರು. ಹಡಗಿನವರು, ರೈತರು, ಶಾಲೆ, ಪಾರ್ಲಿಮೆಂಟು, ಪದ್ಯ, ಹೀಗೆ ಹಂಚಿಹೋಗದೆ ಒಂದಕ್ಕೇ ನಿಂತಿದ್ದರೆ ಇನ್ನೂ ದೊಡ್ಡದನ್ನು ಸಾಧಿಸುತ್ತಿದ್ದರೆಂದು ಹೇಳುವವರಿದ್ದಾರೆ. ಕಾವ್ಯದ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಓದು ಬಾರದ ನಾವಿಕನು ದಲ್ಲಾಳಿಯು ಬರೆದ ಸಾಲದ ಖಾತೆಗೆ ಹೆಬ್ಬೆಟ್ಟು ಒತ್ತುವುದನ್ನು ಕಂಡವರು ಶಾಲೆ ತೆರೆಯದೆ ಇನ್ನೇನು ತೆರೆಯಬೇಕಾಗಿತ್ತು? ನನ್ನ ತಂದೆ ಕಲಿತುದು ಅಂಥದೊಂದು ಶಾಲೆಯಲ್ಲಿ. ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

1982ರ ನವೆಂಬರ್ 6ರಂದು ದೇಸಾಯಿಯವರು ತೀರಿಕೊಂಡರು. ಅಷ್ಟು ಹೊತ್ತಿಗೆ ಕಲ್ಲಿದ್ದಿಲಿನ ಹಡಗುಗಳು ಹೆಚ್ಚುಕಡಿಮೆ ಮಾಯವಾಗಿದ್ದುವು. ಎಲ್ಲೆಲ್ಲೂ ಭಾರತೈಲವನ್ನು ಉರಿಸುವ ಡೀಸೆಲ್ ಯಂತ್ರಗಳು. ಆಗವಾಲಾ, ಕೋಯ್ಲಾವಾಲಾ ಎಂಬ ಪದಗಳು ಅರ್ಥ ಕಳೆದುಕೊಂಡಿದ್ದುವು. ಈಗ ತೈಲದ ಸರದಿ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ ಸುಮಾರು 3 ಪಾಲು ಹಡಗುಗಳಿಂದ ಬರುತ್ತಿದ್ದು, ಅದನ್ನು 2050ರ ಸುಮಾರಿಗೆ ನಿವ್ವಳ ಶೂನ್ಯಕ್ಕೆ ತರಬೇಕೆಂದು ಅಂತಾರಾಷ್ಟ್ರೀಯ ಸಾಗರಯಾನ ಸಂಘಟನೆಯು 2023ರಲ್ಲಿ ಗೊತ್ತುಮಾಡಿತು. ಅದೇ ವರ್ಷ ಹಸಿರು ಮೆಥನಾಲಿನಿಂದ ಓಡಬಲ್ಲ ಲಾರಾ ಮರ್ಸ್ಕ್ ಎಂಬ ಕಂಟೇನರ್ ಹಡಗಿಗೆ ಹೆಸರಿಡುವ ಸಮಾರಂಭ ನಡೆದುದು, ಸೆಲಾಂಡಿಯಾ ಹೊರಟಿದ್ದ ಕೋಪನ್‌ಹೇಗನ್ನಿನಲ್ಲಿಯೇ. ಹಾಯಿಯೂ ಹೊಸ ರೂಪದಲ್ಲಿ ಕೆಲವು ಸರಕುಹಡಗುಗಳ ಮೇಲೆ ಮರಳಿದೆಯೆಂದು ಓದಿ ನಮ್ಮ ಪತ್ತೆಮಾರಿಗಳು ನೆನಪಾದುವು.

ಈ ಬದಲಾವಣೆಯು ಬೇಡವೆಂದು ಕಡಲ ದಂಡೆಯವನಾದ ನಾನು ಹೇಳಲಾರೆನು. ಅಲೆಯು ತೆಂಗಿನ ತೋಟವನ್ನು ತಿನ್ನುವುದನ್ನು ನಾವು ದಿನವೂ ನೋಡುತ್ತೇವೆ. ಆದರೆ ಹೊಸ ಇಂಧನಗಳ ಸ್ವಭಾವವನ್ನೂ ತಿಳಿಯಬೇಕು. ಮೆಥನಾಲಿನ ಜ್ವಾಲೆಯು ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಉರಿಯುತ್ತಿದೆಯೆಂದು ಗೊತ್ತಾಗುವುದು ಚರ್ಮಕ್ಕೆ. ಅಮೋನಿಯಾದಲ್ಲಿ ಇಂಗಾಲವಿಲ್ಲ, ಆದುದರಿಂದ ಇಂಗಾಲದ ಹೊಗೆಯೂ ಇಲ್ಲ. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 300 ಪಾಲು ಬೆರೆತರೆ ಮನುಷ್ಯನ ಪ್ರಾಣಕ್ಕೆ ಅಪಾಯ. ಮುಚ್ಚಿದ ಎಂಜಿನ್ ಕೋಣೆಯಲ್ಲಿ ಒಂದು ನಳಿಗೆ ಸೋರಿದರೆ ಸಾಕು. ಇಂಥ ಇಂಧನಗಳಿಗಾಗಿ 2030ರ ದಶಕದ ನಡುವಿನೊಳಗೆ 8 ಲಕ್ಷದಷ್ಟು ನಾವಿಕರಿಗೆ ಹೊಸ ತರಬೇತಿ ಬೇಕಾದೀತೆಂದು 2022ರ ಒಂದು ಅಧ್ಯಯನವು ಲೆಕ್ಕ ಹಾಕಿತು. ಹಣವೆಲ್ಲಿಂದ? ಮಿತಿ ಮೀರಿ ಹೊಗೆಯುಗುಳುವ ದೊಡ್ಡ ಹಡಗುಗಳಿಂದ ಹಣ ಸಂಗ್ರಹಿಸಿ ನಿಧಿಯೊಂದನ್ನು ಮಾಡುವ, ಅದರಿಂದ ತರಬೇತಿಗೂ ಕೊಡುವ ಕರಡು 2025ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆಯಿತು. ಅಕ್ಟೋಬರಿನಲ್ಲಿ ಅಂತಿಮ ನಿರ್ಣಯವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯಬಾರದೆಂಬ ನಿಯಮವು 2006ರ ನೌಕಾಕಾರ್ಮಿಕ ಒಡಂಬಡಿಕೆಯಲ್ಲಿಯೂ ಇದೆ, 2015ರಲ್ಲಿ ಭಾರತವು ಅದಕ್ಕೆ ಸಮ್ಮತಿಸಿದೆ. ನನ್ನ ವಿದ್ಯಾರ್ಥಿಯ ತಾಯಿಯ ಬಂಗಾರವು ಒತ್ತೆ ಹೋದುದು ಅದಾದ ಮೇಲೆ.

ದೇಸಾಯಿಯವರ ಗ್ರಂಥದ ಕೆಲವು ಪುಟಗಳನ್ನು ನೆರಳಚ್ಚು ಮಾಡಿಸಿ, ಇಂಗ್ಲಿಷ್ ತೊಡಕಾದ ಕಡೆ ಅಂಚಿನಲ್ಲಿ ಕನ್ನಡದಲ್ಲಿ ಬರೆದು, ಅವನು ಹೊರಡುವ ಮೊದಲು ಕೊಟ್ಟೆನು. ಅವನು ತರಬೇತಿಯನ್ನು ತನ್ನ ಖರ್ಚಿನಲ್ಲಿಯೇ ಮುಗಿಸಿ ಮತ್ತೆ ಹಡಗು ಹತ್ತಿದ್ದಾನೆ. ಮೊನ್ನೆ ಯಾವುದೋ ಬಂದರಿನಿಂದ ಫೋನು ಮಾಡಿದ್ದನು. ಒಂದು ಸಣ್ಣ ನೋಟುಪುಸ್ತಕವನ್ನು ಇಟ್ಟಿದ್ದಾನಂತೆ. ತನ್ನ ಪಾಳಿಯಲ್ಲಿ ಕೆಳಗಿಳಿಯುವವರು ಎಷ್ಟು ಮಂದಿ, ಅಲ್ಲಿ ತೂಗುಹಾಕಿರುವ ಉಸಿರಾಟದ ಮುಖವಾಡಗಳು ಎಷ್ಟು, ತರಬೇತಿಗೆ ಯಾರು ಯಾರು ಎಷ್ಟೆಷ್ಟು ಕೊಟ್ಟರು ಎಂಬುದನ್ನು ಅದರಲ್ಲಿ ಬರೆಯುತ್ತಿದ್ದಾನೆ. ಮೊದಲಿನ ಎರಡು ಸಂಖ್ಯೆಗಳು ಇನ್ನೂ ಸರಿಹೊಂದಿಲ್ಲವೆಂದು ಹೇಳಿದನು.